ಸಣ್ಣದರ ಸಂಘದ ಕೆಂಪು ಸೀಸೆ

ಸೆಲ್ವರಾಜಣ್ಣಾ,

ನೀವು ಸತ್ತ ಸುದ್ದಿ ಮುಟ್ಟಿದಾಗ ನಾನು ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಿದ್ದೆ. ಕ್ಯಾನ್ ಇಳಿಸಲು ಬಂದವನೊಬ್ಬ, "ಕೋರಮಂಡಲ್ ಸೆಲ್ವರಾಜು ಓಗ್ಬುಟ್ನಂತೆ ಕಣಣ್ಣೋ" ಎಂದ. ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಕೆಳಗಿಡಲೂ ಇಲ್ಲ. ಸಾಲಿನಲ್ಲಿ ನಿಂತವರೆಲ್ಲರ ಹಾಲು ನೋಡಿ ಮುಗಿಸಿ, ಕೈ ತೊಳೆದುಕೊಂಡು ಟೀ ಕುಡಿದೆ. ಟೀ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಸತ್ತವರಿಗೆ ಬರೆಯುವವರು ಕಣ್ಣೀರಿನಿಂದ ಶುರು ಮಾಡುತ್ತಾರಂತೆ. ನಾನು ಹಾಗೆ ಶುರು ಮಾಡಿದ್ದರೆ ನೀವು ಎಲ್ಲಿದ್ದೀರೋ ಅಲ್ಲಿಂದಲೇ ಉಗಿಯುತ್ತಿದ್ದಿರಿ.

ಊರಿನವರ ಬಾಯಲ್ಲಿ ನೀವು ಇವತ್ತಿಗೂ ಏಳುಮಲೈಗೆ ಕೆಂಪು ನೀರು ಕುಡಿಸಿ ಕೊಂದ ಮನುಷ್ಯ. ಕುಡಿಸಿದ್ದು ನೀವಲ್ಲ ಎಂದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರಾದ ನೀವು ಸತ್ತಿರಿ. ಇನ್ನೊಬ್ಬ ನಾಲ್ಕು ವರ್ಷ ಟೀ ಕುಡಿದುಕೊಂಡು ಬದುಕಿದ. ಈಗ ಆ ಇನ್ನೊಬ್ಬ ನಿಮಗೆ ಕಾಗದ ಬರೆಯುತ್ತಿದ್ದಾನೆ, ಓದಿ.

ನೆನಪಿದೆಯೇ, ನೀವು ನನ್ನನ್ನು ಮೊದಲು ಬೈದ ದಿನ? ಕ್ಯಾಸಂಬಳ್ಳಿ ಕಡೆಯಿಂದ ಸೈಕಲ್ಲಿನಲ್ಲಿ ಹಾಲು ತಂದು ಕೋರಮಂಡಲ್‌ನ ಗಣಿ ಕೆಲಸಗಾರರ ಲೈನಿನ ಮನೆಗಳಿಗೆ ಹಾಕಿ, ಆಮೇಲೆ ಡೈರಿ ಕೆಲಸಕ್ಕೆ ಹೋಗುತ್ತಿದ್ದೆ. ನಿಮ್ಮ ಮನೆಯಾಕೆ ರೋಸಮ್ಮಕ್ಕ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದರು. ನೀವು ಒಳಗಿನಿಂದ ಬಂದು ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ಬಿಟ್ಟು, ಬಿಸಿಲಿಗೆ ಹಿಡಿದು, "ಹೇಳು ತಂಬಿ, ಹಾಲು ಯಾಕೆ ಬೆಳ್ಳಗಿದೆ?" ಎಂದಿರಿ.

"ಆಲು ಬೆಳ್ಳಗಿರದೆ ಇನ್ನೆಂಗಿರ್ತದೆ ಅಣ್ಣಾ?"

"ಎಮ್ಮೆ ದಿನಾ ಹಾಲು ಕೊಡುತ್ತೆ, ನೀನು ದಿನಾ ಅಳೀತೀಯ, ಇಬ್ಬರಿಗೂ ಅದೇನು ಅಂತ ಗೊತ್ತಿಲ್ಲ. ಎಮ್ಮೆಗಾದ್ರೂ ಕರು ಅಂತ ಒಂದು ಕಾರಣ ಇದೆ. ನಿನಗೇನಿದೆ ಡಾ?"

ರೋಸಮ್ಮಕ್ಕ ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಲಿನಲ್ಲಿರುವ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ತೇಲುತ್ತದೆ, ಬೆಳಕು ಅವಕ್ಕೆ ಬಡಿದು ಚೆಲ್ಲಾಡುತ್ತದೆ, ಅದಕ್ಕೇ ಬಿಳುಪು ಎಂದು ನೀವು ಆಮೇಲೆ ಹೇಳಿದಿರಿ. ಅಷ್ಟು ಹೇಳಲು ಮೊದಲು ನನ್ನನ್ನು ಎಮ್ಮೆಗಿಂತ ಕೆಳಗೆ ಇಳಿಸಲೇಬೇಕಿತ್ತೇ? ಇಳಿಸಬೇಕಿತ್ತು. ಇಲ್ಲದಿದ್ದರೆ ನಾನು ಮಾರನೆಯ ಭಾನುವಾರ ಬರುತ್ತಿರಲಿಲ್ಲ. ನಿಮ್ಮನ್ನು ಸೋಲಿಸಬೇಕೆಂದೇ ಬಂದೆ.

ಆ ಭಾನುವಾರ ನೀವು ನನ್ನ ಹೆಸರನ್ನು ತೂಗಿದಿರಿ. ಗಣಿಯ ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂದು ಕರಗಿಸಿ, ತೂಗಿ ಹೇಳುವ ಅಸ್ಸೇ ಆಫೀಸಿನಲ್ಲಿ ನಿಮಗೆ ಕೆಲಸ. ಅಲ್ಲಿ ಗುಜರಿಗೆ ಹಾಕಿದ ಹಳೆಯ ತಕ್ಕಡಿಯೊಂದನ್ನು ಹರಾಜಿನಲ್ಲಿ ಹಿಡಿದು, ಅದರ ರಸೀದಿಯನ್ನು ಗಾಜಿನ ಪೆಟ್ಟಿಗೆಗೇ ಅಂಟಿಸಿ ಮನೆಯಲ್ಲಿಟ್ಟುಕೊಂಡಿದ್ದಿರಿ. ಉಗುರಿನಷ್ಟು ಕಾಗದದ ಚೂರು ಇಟ್ಟು ಮುಳ್ಳು ಸಮ ಮಾಡಿದಿರಿ. ಆಮೇಲೆ ಪೆನ್ಸಿಲ್ ಕೊಟ್ಟು, "ಹೆಸರು ಬರಿ. ವೆಂಕಟೇಶ ಅಂತ ಮೋಸ ಮಾಡಬೇಡ, ಪೂರ್ತಿ ವೆಂಕಟೇಶಪ್ಪ ಅಂತ ಬರಿ" ಎಂದಿರಿ. ಬರೆದೆ. ಉಸಿರು ಹಿಡಿದುಕೋ ಎಂದು ಹೇಳಿ ಚೂರನ್ನು ಮತ್ತೆ ಇಟ್ಟಿರಿ. ಮುಳ್ಳು ವಾಲಿತು. ನನ್ನ ಹೆಸರಿಗೆ ತೂಕವಿತ್ತು! ನಮ್ಮಪ್ಪನಿಗೂ ಗೊತ್ತಿಲ್ಲದ ಸಂಗತಿ ಅದು. ಆ ಚೂರನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದಿರಿ. ಸಂಘಕ್ಕೆ ಸೇರುವುದೆಂದರೆ ಅಷ್ಟೇ, ಬೇರೆ ಅರ್ಜಿ ಇಲ್ಲ. ಆ ದಿನ ನಾನು ನಿಮ್ಮನ್ನು ಸೋಲಿಸುವ ಆಸೆ ಬಿಟ್ಟೆ. ನೀವಾಗುವ ಆಸೆ ಶುರುವಾಯಿತು. ಅದು ಇನ್ನೂ ಕೆಟ್ಟದ್ದು ಎಂದು ಯಾರಾದರೂ ಆಗಲೇ ಹೇಳಿದ್ದರೆ...

ಸಂಘಕ್ಕೆ ಹೆಸರಿಟ್ಟದ್ದು ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಯ ಮುಂದೆ. ಹಳೆಯ ವಿದೇಶಿ ವಿಜ್ಞಾನ ಪತ್ರಿಕೆಗಳ ಕಟ್ಟು ಬಿಚ್ಚಿ, ಫುಟ್‌ಪಾತಿನಲ್ಲೇ ಕೂತು ಓದುತ್ತಿದ್ದ ನೀವು ಎದ್ದು ನಿಂತುಬಿಟ್ಟಿರಿ. ಯಾವುದೋ ದೇಶದಲ್ಲಿ ಒಂದೊಂದೇ ಪರಮಾಣುವನ್ನು ಸರಿಸಿ, ಸಾಲಾಗಿ ಜೋಡಿಸಿ ಅಕ್ಷರ ಬರೆದಿದ್ದಾರೆ ಎಂದಿರಿ. "ಗಣಿ ಇನ್ನೆಷ್ಟು ದಿನ ತಂಬಿ? ಚಿನ್ನ ಮುಗಿದ ಮೇಲೆ ನಮ್ಮವರ ಹತ್ರ ಏನಿರುತ್ತೆ ಹೇಳು. ಸಣ್ಣದನ್ನ ನೋಡೋ ಕಣ್ಣಿರುತ್ತೆ. ಸಣ್ಣದನ್ನ ತೂಗೋ ಕೈ ಇರುತ್ತೆ. ಪ್ರಪಂಚ ಇನ್ಮೇಲೆ ಸಣ್ಣದರ ಕಡೆಗೇ ಹೋಗುತ್ತೆ, ನಾವು ಅಲ್ಲಿ ಮೊದಲೇ ಹೋಗಿ ಕೂತಿರಬೇಕು" ಎಂದಿರಿ. ಹಾಗೆ ಸಣ್ಣದರ ಸಂಘವಾಯಿತು. ರೇಡಿಯೊ ರಿಪೇರಿಯವರು, ಗಡಿಯಾರದ ಅಂಗಡಿಯವರು, ಕಾಲೇಜಿನ ನಾಲ್ಕು ಹುಡುಗಿಯರು, ಹಾಲಿನವನಾದ ನಾನು. ಚರ್ಚು ಬಿಟ್ಟ ಮೇಲೆ ನಿಮ್ಮ ಮನೆಯ ಮುಂಗೋಣೆಯಲ್ಲಿ ಕೂರುತ್ತಿದ್ದೆವು. ಕಂಪ್ಯೂಟರಿನ ಚಿಪ್ಪಿನ ಬಗ್ಗೆ, ಬಿಸಿಲಿನಿಂದ ಕರೆಂಟು ಮಾಡುವ ತಗಡಿನ ಬಗ್ಗೆ, ಕೂದಲಿನಂಥ ಗಾಜಿನ ಎಳೆಯಲ್ಲಿ ಮಾತು ಕಳಿಸುವುದರ ಬಗ್ಗೆ ಒಬ್ಬೊಬ್ಬರು ಓದಿಕೊಂಡು ಬಂದು ಹೇಳಬೇಕಿತ್ತು. ತಪ್ಪು ಹೇಳಿದರೆ ನೀವು ಚರ್ಮ ಸುಲಿಯುತ್ತಿದ್ದಿರಿ. ಪೇಟೆಯವರು ನಮ್ಮನ್ನು ನೋಡಿ, "ಸಣ್ಣ ಸಂಘದ ದೊಡ್ಡ ಮನುಷ್ಯರು ಬಂದ್ರಪ್ಪೋ" ಎಂದು ಕಿಚಾಯಿಸುತ್ತಿದ್ದರು.

ಕೆಂಪು ಚಿನ್ನ ಮಾಡಿದ ಬೆಳಿಗ್ಗೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ರೋಸಮ್ಮಕ್ಕ ಕಿವಿಯಿಂದ ಓಲೆಯ ತಿರುಪು ಬಿಚ್ಚಿಕೊಟ್ಟರು. ಬೇರೆ ಊರಿನಲ್ಲಾದರೆ ಅಷ್ಟೇ ಸಾಕಿತ್ತು. ಗಣಿ ಊರಿನಲ್ಲಿ ಯಾರ ಮನೆಯಲ್ಲಿ ಒಲೆ, ಆಮ್ಲ, ಚಿನ್ನ ಒಟ್ಟಿಗಿವೆಯೋ ಅವನು ಕಳ್ಳನೇ. ಅದಕ್ಕೆ ನೀವು ಓಲೆ ಕೊಂಡ ಅಂಗಡಿಯ ಚೀಟಿ ಹುಡುಕಿಸಿ, ಅದನ್ನು ಗೋಡೆಗೆ ಅಂಟಿಸಿ, ಆಮೇಲೆ ತಿರುಪನ್ನು ಆಮ್ಲಕ್ಕೆ ಹಾಕಿದಿರಿ. ಕರಗಿದ್ದರಲ್ಲಿ ಕೆಲವೇ ಹನಿಗಳನ್ನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಬಿಟ್ಟು ಕುದಿಸಿದಿರಿ. ರಕ್ತಪರೀಕ್ಷೆಯವರಿಂದ ತಂದ ಸಿಟ್ರೇಟ್ ಪುಡಿಯನ್ನು ಕರಗಿಸಿ ಸುರಿದಿರಿ. ನೀರು ಮೊದಲು ಬೂದಿಯ ಬಣ್ಣವಾಯಿತು, ಮಸಿಯ ಬಣ್ಣವಾಯಿತು, ನೋಡನೋಡುತ್ತಿದ್ದಂತೆ ದಾಳಿಂಬೆಯ ಕೆಂಪಾಯಿತು. "ಚಿನ್ನವೇ ಇದು. ಸಣ್ಣ ಮಾಡ್ತಾ ಮಾಡ್ತಾ ಹೋದ್ರೆ ಅದರ ಬಣ್ಣವೇ ಬೇರೆ, ಗುಣವೇ ಬೇರೆ" ಎಂದಿರಿ. ಸೀಸೆಗೆ ತುಂಬಿ, ಗಾಜಿನ ಬಿರಡೆ ಹಾಕಿ, ಮೈಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ನೀರು ಎಲ್ಲಿಯವರೆಗಿದೆ ಎಂದು ಪೆನ್ಸಿಲ್ಲಿನಲ್ಲಿ ಗೀಟು ಎಳೆದು ತಾರೀಖು ಹಾಕಿದಿರಿ. ಅಸ್ಸೇ ಆಫೀಸಿನ ಚಾಳಿ ಅದು, ಪ್ರತಿ ಭಾನುವಾರ ಒಂದು ಗೀಟು. ನಾನು ಆ ಗೀಟನ್ನು ಯಾವತ್ತೂ ಲೆಕ್ಕಕ್ಕೆ ಇಟ್ಟುಕೊಳ್ಳಲೇ ಇಲ್ಲ.

ಸುದ್ದಿ ಲೈನಿನಿಂದ ಲೈನಿಗೆ ಹೋಯಿತು. ಸೆಲ್ವರಾಜು ಚಿನ್ನವನ್ನು ನೀರು ಮಾಡಿದ್ದಾನೆ, ಕುಡಿದರೆ ಎದೆಯ ದೂಳು ಕರಗುತ್ತದಂತೆ. ವರ್ಷಗಟ್ಟಲೆ ಕೆಳಗಿಳಿದು ಬಂಡೆ ಕೊರೆದವರು ದೂಳು ತುಂಬಿದ ಎದೆ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದರು. ನೀವು ಹೊರಗೆ ಬಂದು ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಮೂರು ಸಲ ಹೇಳಿದಿರಿ: ಇದು ಔಷಧಿಯಲ್ಲ, ಇದನ್ನು ಯಾರಿಗೂ ಕೊಡುವುದಿಲ್ಲ, ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದ್ದನ್ನು ನೋಡಿ ನೀವು ಅರ್ಥವಾಯಿತು ಎಂದುಕೊಂಡಿರಿ. ಅಣ್ಣಾ, ನೀವು ಹುಟ್ಟಿ ಬೆಳೆದದ್ದು ಅಲ್ಲೇ ಅಲ್ಲವೇ? ಗಣಿ ಊರಿನಲ್ಲಿ ಚಿನ್ನ ಇರುವವನು ಯಾವತ್ತಾದರೂ ಇದೆ ಎಂದಿದ್ದಾನೆಯೇ? ಕಾವಲಿನವರು ಬಾಗಿಲು ಬಡಿದಾಗ ಇಲ್ಲ ಸಾಮಿ, ಇಲ್ಲ ಸಾಮಿ ಎಂದು ಮೂರು ಸಲ ಹೇಳುವವನ ಮನೆಯಲ್ಲೇ ಒಲೆಯ ಕೆಳಗೆ ಅದಿರು ಸಿಗುತ್ತದೆ ಎಂದು ಮಕ್ಕಳಿಗೂ ಗೊತ್ತು. ನೀವು ಒಂದು ಸಲ ಹೇಳಿದ್ದರೆ ಅರ್ಧ ಜನ ನಂಬುತ್ತಿದ್ದರೋ ಏನೋ. ಮೂರು ಸಲ ಹೇಳಿ ಅದನ್ನು ಅಮೃತ ಮಾಡಿಬಿಟ್ಟಿರಿ.

ಸಂಘಕ್ಕೆ ಜಾಗ ಕೇಳಲು ನಾವಿಬ್ಬರೂ ಬಂಗಾರಪೇಟೆಗೆ ರೈಲಿನಲ್ಲಿ ಹೋದದ್ದು ಅದರ ಮುಂದಿನ ವಾರ. ಅಲ್ಲಿನ ಅಕ್ಕಿ ಗಿರಣಿಯ ಯಜಮಾನರಿಗೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹತ್ತಿರ ಒಂದು ಕಟ್ಟಡವಿತ್ತು, ಮಹಡಿಯ ಮೇಲೆ ಖಾಲಿ ರೂಮು. ಅವರು ಗಿರಣಿಯ ದೂಳಿನಲ್ಲೇ ಕೂತು ನಿಮ್ಮ ಮಾತನ್ನು ಪೂರ್ತಿ ಕೇಳಿದರು. "ಒಳ್ಳೇ ಕೆಲಸ. ಆದ್ರೆ ಎಂಟು ಜನದ ಸಂಘಕ್ಕೆ ರೂಮು ಕೊಟ್ರೆ ಊರು ನಗ್ತದೆ. ಐವತ್ತು ಜನದ ರುಜು ತನ್ನಿ, ಬೀಗದ ಕೈ ಕೊಡ್ತೀನಿ" ಎಂದರು. ವಾಪಸು ಬರುವಾಗ ನೀವು ರೈಲಿನ ಬಾಗಿಲಲ್ಲಿ ನಿಂತು ಕೆಮ್ಮುತ್ತಾ, "ಐವತ್ತು ಬೇಡ ತಂಬಿ, ನಿಜವಾದ ಹತ್ತು ಜನ ಸಾಕು. ರೂಮು ಆಮೇಲೆ ನೋಡೋಣ" ಎಂದಿರಿ. ನನಗೆ ಆಮೇಲೆ ಎನ್ನುವುದು ಬೇಕಿರಲಿಲ್ಲ. ನಾನು ಕಾರ್ಯದರ್ಶಿ. ಒಂದು ಬೋರ್ಡು, ಒಂದು ಮೇಜು, ಗೋಡೆಯ ಮೇಲೆ ಗಡಿಯಾರ ಇರುವ ರೂಮಿನಲ್ಲಿ ಕೂರಬೇಕು. ಡೈರಿಯಲ್ಲಿ ಸಾಲು ನಿಂತು ನನ್ನನ್ನು ಬೈಯುವವರು ಅಲ್ಲಿ ಬಂದು ನನಗೆ ಕೈ ಮುಗಿಯಬೇಕು. ನಾನು ಕಟ್ಟಬೇಕೆಂದದ್ದು ಅಷ್ಟೇ ಅಣ್ಣಾ. ವಿಜ್ಞಾನ ಗಿಜ್ಞಾನ ಎಲ್ಲ ಅದರ ಮೇಲಿನ ಸುಣ್ಣ.

ಪಾಪಮ್ಮ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ನೀವು ಊಟಕ್ಕೆ ಒಳಗೆ ಹೋದಾಗ. ಏಳುಮಲೈಯ ಹೆಂಡತಿ, ನಿಮ್ಮ ಲೈನಿನಲ್ಲೇ ಕೊನೆಯ ಮನೆ. ಏಳುಮಲೈಗೆ ದೂಳಿನ ಜೊತೆ ಟಿಬಿಯೂ ಸೇರಿತ್ತು. "ಸಾಮಿ, ನಮ್ಮೋನು ಕೆಮ್ಮಿ ಕೆಮ್ಮಿ ಕೆಂಪಗೆ ಉಗೀತಾವ್ನೆ. ಅಣ್ಣಂಗೆ ನೀವಾನ ಏಳಿ. ಒಂದು ಮುಚ್ಚಳ ಸಾಕು" ಎಂದು ಬಾಗಿಲ ಹತ್ತಿರವೇ ಕೂತಳು. ನಾನು ಶೆಲ್ಫಿನಿಂದ ಸೀಸೆ ತೆಗೆದೆ. ಅವಳ ಸೆರಗಿನಲ್ಲಿದ್ದ ಖಾಲಿ ಔಷಧಿ ಬಾಟಲಿಗೆ ಬಗ್ಗಿಸಿದೆ. ಒಂದು ಹನಿ ಚೆಲ್ಲಲಿಲ್ಲ, ಹಾಲಿನವನ ಕೈ ನೋಡಿ. "ಅಣ್ಣನೇ ಕೊಟ್ಟವ್ರೆ. ಬಾಯಿ ಬಿಡಬ್ಯಾಡ, ಬಿಟ್ರೆ ಇನ್ನ ಸಿಗಾಕಿಲ್ಲ" ಎಂದೆ. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಸಂಘದ ಸದಸ್ಯರ ರುಜು ಹಾಕಿಸುವ ರಿಜಿಸ್ಟರು ಮುಂದೆ ಹಿಡಿದೆ. ಅವಳದೊಂದು ಹೆಬ್ಬೆಟ್ಟು, ಗಂಡನ ಪರವಾಗಿ ಇನ್ನೊಂದು. ನಲವತ್ತೊಂದು, ನಲವತ್ತೆರಡು. ಒಂದು ಕಾಸು ಮುಟ್ಟಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಕ್ಕೂ ಮೊದಲು ಮೂವತ್ತು ಚಿಲ್ಲರೆ ಜನಕ್ಕೆ ನೀರು ಕೊಟ್ಟಿರಲಿಲ್ಲ, ಬರೀ ಆಸೆ ಕೊಟ್ಟು ರುಜು ತೆಗೆದುಕೊಂಡಿದ್ದೆ. ಅವರು ಬದುಕಿದರು. ಪಾಪಮ್ಮನ ಅಳು ಜೋರಾಗಿತ್ತು, ಅದಕ್ಕೆ ಅವಳಿಗೆ ಸಿಕ್ಕಿತು.

ಏಳುಮಲೈಯನ್ನು ಆಮೇಲೆ ನಾನು ಎರಡು ಸಲ ನೋಡಿದೆ. ಮೊದಲ ಸಲ ಅವನು ಮನೆಯ ಮುಂದೆ ಬಿಸಿಲಿಗೆ ಕೂತಿದ್ದ, ಕ್ಷೌರ ಮಾಡಿಸಿಕೊಂಡಿದ್ದ. ನನ್ನನ್ನು ಕಂಡು ಕಣ್ಣು ಮಿಟುಕಿಸಿ, "ಮಾತ್ರೆ ಎಲ್ಲಾ ಮೋರಿಗೆ ಆಕ್ಬುಟ್ಟೆ ತಮ್ಮಾ. ಅದ ನುಂಗಿದ್ರೆ ಒಟ್ಟೆ ತೊಳಸ್ತಿತ್ತು. ಈಗ ಅನ್ನ ಓಗ್ತಾ ಐತೆ" ಎಂದ. ಮಾತ್ರೆ ಬಿಟ್ಟರೆ ಹೊಟ್ಟೆ ತೊಳಸುವುದು ನಿಲ್ಲುತ್ತದೆ, ನಿಂತರೆ ಊಟ ಸೇರುತ್ತದೆ, ಅಷ್ಟೇ. ನನಗೆ ಅದು ಗೊತ್ತಿತ್ತೇ? ಗೊತ್ತಿತ್ತು ಅಣ್ಣಾ. ನಿಮ್ಮ ಕೈಯಲ್ಲಿ ಅಷ್ಟು ಬೈಸಿಕೊಂಡವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಮಾತ್ರೆ ಬಿಡಬೇಡ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನೀರು ಔಷಧಿಯಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಇನ್ನೂ ಎಂಟು ರುಜು ಬಾಕಿ ಇತ್ತು. "ಒಳ್ಳೇದಾಯ್ತು ಬಿಡಣ್ಣಾ" ಎಂದು ಸೈಕಲ್ ತುಳಿದೆ. ಎರಡನೆಯ ಸಲ ನೋಡಿದಾಗ ಅವನನ್ನು ಚಟ್ಟದ ಮೇಲೆ ಮಲಗಿಸಿದ್ದರು.

ನಿಮ್ಮ ಮೇಲೆ ಮಣ್ಣು ಬಿದ್ದ ಭಾನುವಾರ ಸಂಘದವರೆಲ್ಲ ಇದ್ದೆವು. ಹೊರಗೆ ಕಿರುಚಾಟ ಕೇಳಿ ನೀವು ಎದ್ದು ಬಾಗಿಲು ತೆಗೆದಿರಿ. ನಾನು ನಿಮ್ಮ ಬೆನ್ನ ಹಿಂದೆಯೇ ಇದ್ದೆ. ಪಾಪಮ್ಮನ ಕೈಯಲ್ಲಿ ಸಯನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ರಾಶಿ ಹಾಕಿದ ಬೂದು ಮಣ್ಣು ಇತ್ತು. "ಅಣ್ಣಾ ಅಂತ ನಂಬಿದ್ನಲ್ಲಯ್ಯಾ! ನೀನು ಆಲಿನೋನ ಕೈಲಿ ಕಳಿಸ್ಕೊಟ್ಟೆ, ನಾನು ಅಮ್ಮನ ತೀರ್ಥ ಅಂತ ಕುಡಿಸ್ದೆ. ಮಾತ್ರೆ ಎಲ್ಲಾ ಬಿಸಾಕ್ಬುಟ್ಟ. ನನ್ನ ಮನೆ ತೊಳ್ದುಬುಟ್ಯಲ್ಲೋ ಪಾವಿ!" ಎಂದು ಎರಡು ಕೈಯಲ್ಲೂ ತೂರಿದಳು. ನಿಮ್ಮ ತಲೆ, ಕಣ್ಣು, ಬಾಯಿ ಎಲ್ಲ ಬೂದಿಯಾಯಿತು. ಲೈನಿನ ಜನವೆಲ್ಲ ನಿಂತು ನೋಡುತ್ತಿತ್ತು. ಆಲಿನೋನ ಕೈಲಿ ಎಂಬ ಮಾತು ನಿಮ್ಮ ಕಿವಿಗೆ ಬಿದ್ದ ಗಳಿಗೆಯನ್ನು ನಾನು ನಿಮ್ಮ ಬೆನ್ನಿನಲ್ಲಿ ನೋಡಿದೆ. ಹೆಗಲು ಒಂದು ಸಲ ಬಿಗಿಯಿತು. ಹಿಂದಕ್ಕೆ ತಿರುಗುತ್ತೀರಿ ಎಂದುಕೊಂಡೆ. ತಿರುಗಲಿಲ್ಲ. ಕಣ್ಣನ್ನೂ ಒರೆಸಿಕೊಳ್ಳಲಿಲ್ಲ. ಅವಳು ಬೈದು ದಣಿಯುವವರೆಗೆ ಹಾಗೇ ನಿಂತಿದ್ದು, ಆಮೇಲೆ ಮೆಲ್ಲಗೆ ಬಾಗಿಲು ಹಾಕಿದಿರಿ. ತಂದುಕೊಟ್ಟವನನ್ನು ಯಾರೂ ಏನೂ ಕೇಳಲಿಲ್ಲ. ತಂದುಕೊಟ್ಟವನನ್ನು ಯಾರು ಕೇಳುತ್ತಾರೆ?

ಎಲ್ಲರೂ ಹೋದ ಮೇಲೆ ನೀವು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ. ಪಟ್ಟಿಯ ಮೇಲೆ ಪ್ರತಿ ಭಾನುವಾರದ ಗೀಟೂ ಒಂದರ ಮೇಲೊಂದು ಬಿದ್ದು ದಪ್ಪಗಾಗಿತ್ತು. ನೀರು ಇಳಿಯುವುದಿಲ್ಲವೆಂದು ಗೀಟು ಎಳೆಯುವುದನ್ನು ನೀವು ಆಮೇಲೆ ನಿಲ್ಲಿಸಿದ್ದಿರಿ, ಈಗ ನೀರು ಎರಡು ಬೆರಳು ಕೆಳಗಿತ್ತು.

"ಇಲ್ಲಿ ಕಡಿಮೆಯಾಗಿದೆ ತಂಬಿ."

"ಆವಿಯಾಗಿರ್ಬೇಕಣ್ಣಾ."

"ಬಿರಡೆ ಹಾಕಿದ ಸೀಸೆ."

ಅಷ್ಟೇ ಮಾತು. ನೀವು ಕೂಗಾಡಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೆ ಹೊರಗೆ ಓಡಿ ಲೈನಿನ ಮುಂದೆ ಹೇಳಿಬಿಡುತ್ತಿದ್ದೆನೋ ಏನೋ. ಹಾಲು ಯಾಕೆ ಬೆಳ್ಳಗಿದೆ ಎಂದು ಗೊತ್ತಿಲ್ಲದಿದ್ದಕ್ಕೆ ನನ್ನನ್ನು ಎಮ್ಮೆ ಎಂದವರು ನೀವು, ಒಬ್ಬ ಮನುಷ್ಯನನ್ನು ಕೊಂದಿದ್ದಕ್ಕೆ ಒಂದು ಬೈಗುಳವೂ ಇಲ್ಲ. ಅದೇನು ದೊಡ್ಡತನವೇ? ನಾನು ಹಾಗೆ ತಿಳಿದುಕೊಂಡಿಲ್ಲ.

ಕೊನೆಯ ಸಭೆಯಲ್ಲಿ ನೀವು ಮಾಡಿದ್ದನ್ನು ಬೇರೆಯವರು ಆಟ ಎಂದುಕೊಂಡರು. ಬಿಸ್ಕತ್ತಿನ ಡಬ್ಬಿಯಿಂದ ನನ್ನ ಹೆಸರಿನ ಚೂರನ್ನು ಹುಡುಕಿ ತೆಗೆದು, ತಕ್ಕಡಿಗೆ ಇಟ್ಟು, ಮುಳ್ಳು ನಿಲ್ಲುವವರೆಗೆ ಕಾದಿರಿ. "ಏನೂ ಕಡಿಮೆಯಾಗಿಲ್ಲ. ಅಷ್ಟೇ ಇದೆ ನೋಡು" ಎಂದು ಚಿಮುಟದಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದಿರಿ. ಕಾಲೇಜಿನ ಹುಡುಗಿಯರು ನಕ್ಕರು. ನಾನೂ ನಕ್ಕೆ. ಆಮೇಲೆ ತಕ್ಕಡಿಗೆ ಬಟ್ಟೆ ಹೊದಿಸಿ, ಇನ್ನು ಭಾನುವಾರ ಯಾರೂ ಬರಬೇಡಿ ಎಂದು ಹೇಳಿದಿರಿ. ಕ್ರೂರಿ ಮನುಷ್ಯ ನೀವು. ಆ ಚೂರು ಇವತ್ತಿಗೂ ನನ್ನ ಪರ್ಸಿನಲ್ಲಿದೆ, ಎಸೆಯಲು ಆಗಿಲ್ಲ.

ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಕೇಳಿಯೂ ನಾನು ಬರಲಿಲ್ಲ. ಒಂದು ದಿನ ಗೇಟಿನವರೆಗೆ ಬಂದು ಎಳನೀರು ಕೊಂಡು, ಅಲ್ಲೇ ನಿಂತು ನಾನೇ ಕುಡಿದು ವಾಪಸು ಹೋದೆ. ಅದಿರು ಪುಡಿ ಮಾಡುವ ಕೋಣೆಯ ದೂಳು ನಿಮ್ಮ ಎದೆಯಲ್ಲೂ ಇತ್ತಂತೆ. ನೋಡಲು ಬಂದ ಲೈನಿನವರು, ಅವನ ನೀರನ್ನು ಅವನೇ ಕುಡಿಯಬಾರದಾ ಎಂದು ಆಡಿಕೊಂಡು ನಕ್ಕರಂತೆ. ನೀವು ಆಗಲೂ ಏನೂ ಹೇಳಲಿಲ್ಲವಂತೆ. ಹೇಳಬಹುದಿತ್ತಲ್ಲ ಅಣ್ಣಾ? ರೋಸಮ್ಮಕ್ಕನಿಗಾದರೂ? ನಾನು ಹೇಳಲಿ ಎಂದು ಕಾದಿರೇ? ಅಥವಾ ನಾನು ಹೇಳುವುದಿಲ್ಲ ಎಂದು ಅಷ್ಟು ಖಚಿತವಾಗಿ ತೂಗಿಬಿಟ್ಟಿದ್ದಿರೇ? ನಿಮ್ಮನ್ನು ಮಣ್ಣು ಮಾಡಿದ ಮೇಲೆ ಅಕ್ಕ ತಕ್ಕಡಿಯನ್ನೂ ಸೀಸೆಯನ್ನೂ ಬಟ್ಟೆಯಲ್ಲಿ ಸುತ್ತಿ ಡೈರಿಗೆ ಕಳಿಸಿದರು. "ನಿನಗೇ ಕೊಡಬೇಕು ಅಂತ ಹೇಳಿದ್ರು" ಎಂದಷ್ಟೇ ಹೇಳಿ ಕಳಿಸಿದ್ದರು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ ಕೇಳಿ. ರೂಮು ಸಿಕ್ಕಿತು. ನೀವು ಸತ್ತ ವರ್ಷವೇ ಐವತ್ತು ರುಜು ತೋರಿಸಿ ಬೀಗದ ಕೈ ತೆಗೆದುಕೊಂಡೆ. ಗಿರಣಿಯವರು ಹೆಬ್ಬೆಟ್ಟುಗಳನ್ನು ನೋಡಿ, ಕೂಲಿಕಾರರೂ ಹೊಸ ವಿಜ್ಞಾನಕ್ಕೆ ಬರುತ್ತಿದ್ದಾರಲ್ಲ ಎಂದು ಕಣ್ಣೊರೆಸಿಕೊಂಡರು. ಈಗ ಅಲ್ಲಿ ಎರಡು ಕಂಪ್ಯೂಟರಿವೆ, ಒಳ್ಳೆಯ ಸೂಕ್ಷ್ಮದರ್ಶಕವಿದೆ. ಪ್ರತಿ ಭಾನುವಾರ ಜನ ಮೆಟ್ಟಿಲ ಮೇಲೂ ಕೂರುತ್ತಾರೆ. ಗಣಿ ಮುಚ್ಚುವ ಮಾತು ಜೋರಾದಷ್ಟೂ ಸಂಘ ಬೆಳೆಯುತ್ತಿದೆ, ನೀವು ಹೇಳಿದಂತೆಯೇ. ಅಣುಗಳನ್ನು ಜೋಡಿಸಿ ಯಂತ್ರ ಮಾಡುವ ವಿದ್ಯೆಗೆ ಈಗ ನ್ಯಾನೊ ಎಂದು ಹೆಸರಿಟ್ಟಿದ್ದಾರೆ, ನಮ್ಮ ಹುಡುಗಿಯೊಬ್ಬಳು ಅದನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಿಮ್ಮ ತಕ್ಕಡಿಯಲ್ಲಿ ನಾನೇ ಎಲ್ಲರ ಹೆಸರು ತೂಗುತ್ತೇನೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಸ್ಥಾಪಕರು ವೆಂಕಟೇಶಪ್ಪ ಎಂದು ಬರೆಸಿದ್ದಾರೆ. ಬೇಡ ಎಂದು ನಾನು ಒಂದೇ ಒಂದು ಸಲ ಹೇಳಿದೆ, ಅದೂ ಮೆಲ್ಲಗೆ.

ಮೂರು ವಾರದ ಹಿಂದೆ ಆ ಹುಡುಗಿ ಶೆಲ್ಫಿನ ಮೂಲೆಯಲ್ಲಿದ್ದ ಸೀಸೆಯನ್ನು ನೋಡಿ ಏನಿದು ಎಂದು ಕೇಳಿದಳು. ಹಳೆಯ ಸದಸ್ಯರೊಬ್ಬರು, "ಅದು ಆ ಕೊಲೆಗಾರಂದು. ಎಸೆದ್ಬುಡೋಣ್ವಾ ಸಾರ್?" ಎಂದು ನನ್ನ ಕಡೆ ನೋಡಿದರು. ನನ್ನ ತಲೆ ಆಗಲೇ ಹ್ಞೂಂ ಎಂದು ಅರ್ಧ ಆಡಿಬಿಟ್ಟಿತ್ತು ಅಣ್ಣಾ. ಅರ್ಧಕ್ಕೆ ನಿಂತಿತು. ನೀರು ಇನ್ನೂ ಕೆಂಪಾಗೇ ಇದೆ. ಪಟ್ಟಿಯ ಮೇಲೆ ನಿಮ್ಮ ಗೀಟುಗಳೂ ಇವೆ. ಇನ್ನು ಅದನ್ನೂ ಚರಂಡಿಗೆ ಸುರಿದುಬಿಟ್ಟರೆ... ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ.

ಹೋದ ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ. ಕೊಟ್ಟಿದ್ದು ಅಣ್ಣನಲ್ಲ, ನಾನು. ಅಣ್ಣನಿಗೆ ಗೊತ್ತೇ ಇರಲಿಲ್ಲ. ರುಜುವಿನ ಆಸೆಗೆ ಕೊಟ್ಟೆ. ಸೀಸೆಯ ಮೇಲಿನ ಗೀಟಿನ ಪಟ್ಟಿ ತೋರಿಸಿದೆ. ಆಮೇಲೆ ಏನಾಯಿತು ಗೊತ್ತೇ? ಕಲ್ಲು ಬೀಳುತ್ತದೆ ಎಂದು ನಿಂತಿದ್ದವನ ಮೇಲೆ ಚಪ್ಪಾಳೆ ಬಿತ್ತು. "ಸತ್ತೋರ ಪಾಪಾನ ನೀವ್ಯಾಕೆ ಒತ್ಕೊತೀರಾ ಸಾರ್? ಗುರುಭಕ್ತಿ ಅಂದ್ರೆ ಇದಪ್ಪಾ" ಎಂದು ಗಡಿಯಾರದ ಅಂಗಡಿಯವರು ಕಣ್ಣು ಒದ್ದೆ ಮಾಡಿಕೊಂಡರು. ಇಲ್ಲ, ನಿಜವಾಗಿಯೂ ನಾನೇ ಎಂದೆ. ಚಪ್ಪಾಳೆ ಜೋರಾಯಿತು. ದೇವರಾಣೆ ನಾನೇ ಎಂದೆ. ಮೂರು ಸಲ ಹೇಳಿದೆ ಅಣ್ಣಾ, ನಿಮ್ಮ ಹಾಗೆಯೇ. ನಮ್ಮೂರಲ್ಲಿ ಮೂರು ಸಲ ಹೇಳಿದರೆ ಏನಾಗುತ್ತದೆಂದು ಗೊತ್ತಿದ್ದೂ ಹೇಳಿದೆ. ಸಭೆ ಮುಗಿದಾಗ ನಾನು ಮೊದಲಿಗಿಂತ ದೊಡ್ಡ ಮನುಷ್ಯನಾಗಿದ್ದೆ.

ಒಬ್ಬಳು ಚಪ್ಪಾಳೆ ಹೊಡೆದಿರಲಿಲ್ಲ. ಪಾಪಮ್ಮ ಈಗ ಆ ಕಟ್ಟಡದ ಕಸ ಗುಡಿಸುತ್ತಾಳೆ. ನಾಲ್ಕು ವರ್ಷ ನಮ್ಮ ರೂಮಿನಲ್ಲಿ ಎಲ್ಲವನ್ನೂ ಒರೆಸಿದ್ದಾಳೆ, ಆ ಶೆಲ್ಫನ್ನು ಮಾತ್ರ ಮುಟ್ಟಿಲ್ಲ. ಎಲ್ಲರೂ ಇಳಿದುಹೋದ ಮೇಲೆ ಪೊರಕೆ ಹಿಡಿದುಕೊಂಡೇ ಒಳಗೆ ಬಂದಳು.

"ಆವತ್ತು ಅಣ್ಣನೇ ಕೊಟ್ಟವ್ರೆ ಅಂದ್ಯಲ್ಲ. ಅದು ಸುಳ್ಳಾ?"

"ಸುಳ್ಳು."

"ಅಣ್ಣಂಗೆ ಗೊತ್ತೇ ಇರ್ಲಿಲ್ವಾ?"

"ನೀನು ಬಂದು ಬೈದಾಗ್ಲೇ ಗೊತ್ತಾಗಿದ್ದು."

ಅವಳು ಶೆಲ್ಫಿನ ಸೀಸೆಯ ಕಡೆ ತಿರುಗಿದಳು. "ಅವ್ರ ಕಣ್ಣಾಗೆ ಮಣ್ಣು ಬಿತ್ತು. ನಾನೇ ನೋಡ್ದೆ. ಒರೆಸ್ಕೊಳ್ಲಿಲ್ಲ ಅವ್ರು" ಎಂದಳು. ನನಗೆ ಅಳು ಒತ್ತರಿಸಿ ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ. "ನನ್ನ ಮ್ಯಾಲೆ ಮಣ್ಣು ಆಕು ಪಾಪಮ್ಮಾ, ಈಗ್ಲೇ ಆಕ್ಬುಡು" ಎಂದೆ.

"ಈಗಲಾ?" ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. "ಯಾರೂ ಇಲ್ದಾಗ ಆಕುಸ್ಕೊಂಡು ಅಗುರ ಆಗ್ಬುಡಾನ ಅಂತಾವಾ? ಆವತ್ತು ಎಲ್ರೂ ಇದ್ರು. ಬರೋ ಭಾನುವಾರ ಎಲ್ರೂ ಬತ್ತಾರಲ್ಲ, ಬತ್ತೀನಿ. ಕೊಟ್ಟ ಕೈ ಯಾವ್ದು, ಅಣ್ಣನ ಎಸ್ರು ಏಳಿದ ಬಾಯಿ ಯಾವ್ದು ಅಂತ ನಾನೇ ಏಳ್ತೀನಿ. ಇಸ್ಕೊಂಡೋಳು ಏಳಿದ್ರೆ ನಂಬ್ತಾರೆ. ಬಾಗ್ಲು ಮಾತ್ರ ಆಕ್ಬ್ಯಾಡ."

ಇವತ್ತು ಶನಿವಾರ ಅಣ್ಣಾ. ಸಾಯಂಕಾಲ ಕೋರಮಂಡಲ್‌ಗೆ ಹೋಗಿ ರೋಸಮ್ಮಕ್ಕನಿಗೆ, ನಾಳೆ ತಪ್ಪದೆ ಸಂಘಕ್ಕೆ ಬನ್ನಿ ಎಂದು ಹೇಳಿ ಬಂದೆ. ಬರುವ ದಾರಿಯಲ್ಲಿ ಸಯನೈಡ್ ಗುಡ್ಡದ ಬುಡದಲ್ಲಿ ಪಾಪಮ್ಮ ಕಂಡಳು. ಸೆರಗು ಕಟ್ಟಿಕೊಂಡು ಬಗ್ಗಿ ಏನೋ ತುಂಬಿಕೊಳ್ಳುತ್ತಿದ್ದಳು. ನಾನು ಸೈಕಲ್ ನಿಲ್ಲಿಸಲಿಲ್ಲ, ಅವಳೂ ತಲೆ ಎತ್ತಲಿಲ್ಲ. ನಾಳೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದಿಡುತ್ತೇನೆ. ಈಚೆಗೆ ನನಗೆ ಕನ್ನಡಕ ಬಂದಿದೆ, ಅದು ನಿಮಗೆ ಗೊತ್ತಿಲ್ಲ. ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಒರೆಸಿಕೊಳ್ಳುವುದಿಲ್ಲ ಅಣ್ಣಾ.

ವೆಂಕಟೇಶಪ್ಪ